ಹಳೇ ಬೋಲ್ಟ್ ಮತ್ತೆ ಹಾಕಬಹುದಾ? ಎಂಜಿನ್ ಬಿಚ್ಚಿ ಕಟ್ಟುವವರಿಗೆ ಸಮಗ್ರ ಮಾರ್ಗದರ್ಶಿ

ಎಂಜಿನ್ನಿನ ಹೆಡ್ (ಸಿಲಿಂಡರ್‌ಗಳ ಮೇಲಿನ ಮುಚ್ಚಳ) ಇಳಿಸಿದ ಮೇಲೆ ನಾನು ತಪ್ಪದೇ ಮಾಡುವ ಕೆಲಸ ಒಂದಿದೆ. ಹೆಡ್ ಬೋಲ್ಟ್‌ಗಳನ್ನೆಲ್ಲ ಒರೆಸಿ, ದಪ್ಪ ಗಾಜಿನ ಮೇಲೆ ತಲೆ ಕೆಳಗೆ ಮಾಡಿ ಸಾಲಾಗಿ ನಿಲ್ಲಿಸುತ್ತೇನೆ. ಆಮೇಲೆ ಅವುಗಳ ತುದಿಯ ಮೇಲೆ ಒಂದು ಸ್ಟೀಲ್ ಸ್ಕೇಲ್ ಇಡುತ್ತೇನೆ. ಒಂದು ಸಲ ನಾಲ್ಕು ಸಿಲಿಂಡರ್ ಎಂಜಿನ್ನಿನ ಹತ್ತು ಬೋಲ್ಟ್ ಹೀಗೆ ನಿಲ್ಲಿಸಿದ್ದೆ. ಹತ್ತೂ ಒಂದೇ ಉದ್ದ ಇರಬೇಕಾದವು. ಸ್ಕೇಲ್ ಎರಡರ ಮೇಲೆ ಮಾತ್ರ ಕೂತಿತು. ಉಳಿದ ಎಂಟರ ಮೇಲೆ ಸಣ್ಣ ಬೆಳಕಿನ ಗೆರೆ ಕಾಣುತ್ತಿತ್ತು. ವರ್ನಿಯರ್ ಹಿಡಿದು ನೋಡಿದರೆ ಆ ಎರಡು 0.6 ಮಿಮೀ ಜಾಸ್ತಿ ಉದ್ದ. ತುಕ್ಕಿಲ್ಲ, ಥ್ರೆಡ್ ಹೊಳೆಯುತ್ತಿದೆ, ತಲೆಯ ಮೂಲೆಗಳು ಚೂಪಾಗೇ ಇವೆ. ಸುಮ್ನೆ ಕೈಯಲ್ಲಿ ಹಿಡಿದು ನೋಡಿದ್ದರೆ ಖಂಡಿತ ಮತ್ತೆ ಹಾಕಿಬಿಡುತ್ತಿದ್ದೆ.

ಅದಕ್ಕೇ ಹೇಳೋದು, ಬೋಲ್ಟ್ ಹೇಗೆ ಕಾಣುತ್ತದೆ ಅನ್ನುವುದರಿಂದ ತೀರ್ಮಾನ ಮಾಡಬೇಡಿ. ಅದು ಎಂಜಿನ್ನಿನಲ್ಲಿ ಏನು ಕೆಲಸ ಮಾಡುತ್ತಿತ್ತು, ಅದನ್ನು ಹೇಗೆ ಬಿಗಿ ಮಾಡಿದ್ದರು, ಈ ಎರಡು ಪ್ರಶ್ನೆ ಕೇಳಿ. ಹಾಗೆ ಕೇಳಿದರೆ ಎಂಜಿನ್ನಿನ ಮುಕ್ಕಾಲು ಪಾಲು ಬೋಲ್ಟ್‌ಗಳನ್ನು ಧೈರ್ಯವಾಗಿ ಮತ್ತೆ ಬಳಸಬಹುದು. ಉಳಿದ ಕಾಲು ಪಾಲಿನ ವಿಷಯದಲ್ಲಿ ಮಾತ್ರ ಜಿಪುಣತನ ಮಾಡುವ ಹಾಗಿಲ್ಲ.

ಬೋಲ್ಟ್ ಅಂದರೆ ಸ್ಪ್ರಿಂಗ್

ಬಿಗಿ ಮಾಡಿದಾಗ ಬೋಲ್ಟ್ ಸ್ವಲ್ಪ ಉದ್ದವಾಗುತ್ತದೆ. ತನ್ನ ಮೊದಲಿನ ಉದ್ದಕ್ಕೆ ವಾಪಸ್ ಬರಲು ಎಳೆಯುತ್ತಲೇ ಇರುತ್ತದೆ. ಆ ಎಳೆತವೇ ಹೆಡ್ಡನ್ನು ಎಂಜಿನ್ನಿನ ಒಡಲಾದ ಬ್ಲಾಕಿಗೆ ಒತ್ತಿ ಹಿಡಿಯುವುದು. 100 ಮಿಮೀ ಉದ್ದದ ಉಕ್ಕಿನ ಬೋಲ್ಟನ್ನು ಚೆನ್ನಾಗಿ ಬಿಗಿದರೆ ಸುಮಾರು 0.3 ಮಿಮೀ ಉದ್ದವಾಗುತ್ತದೆ, ಅಷ್ಟೇ. ಆದರೆ 10.9 ದರ್ಜೆಯ (ಇದು ತಲೆಯ ಮೇಲೆ ಬರೆದ ಬಲದ ಅಂಕಿ, ಮುಂದೆ ಹೇಳುತ್ತೇನೆ) 10 ಮಿಮೀ ಬೋಲ್ಟಿನಲ್ಲಿ ಆ ಒಂದಿಷ್ಟು ಉದ್ದದ ಹಿಂದೆ ಹತ್ತಿರ ಹತ್ತಿರ 4 ಟನ್ ಹಿಡಿತ ಇರುತ್ತದೆ.

ಮಿತಿಯೊಳಗೆ ಎಳೆದರೆ, ಬಿಚ್ಚಿದಾಗ ಬೋಲ್ಟ್ ಹಳೇ ಉದ್ದಕ್ಕೆ ಬರುತ್ತದೆ. ಅಂಥದ್ದನ್ನು ಮತ್ತೆ ಮತ್ತೆ ಬಳಸಬಹುದು. ಮಿತಿ ದಾಟಿ ಎಳೆದರೆ ಲೋಹ ಸ್ವಲ್ಪ ಹಿಗ್ಗಿ ಹಾಗೇ ಉಳಿಯುತ್ತದೆ. ಇದನ್ನು ಬೇಕಂತಲೇ ಮಾಡುವ ಬೋಲ್ಟ್‌ಗಳೂ ಇವೆ. ಅವಕ್ಕೆ ಟಾರ್ಕ್ ಟು ಯೀಲ್ಡ್ ಬೋಲ್ಟ್ ಅನ್ನುತ್ತಾರೆ, ಚಿಕ್ಕದಾಗಿ ಟಿಟಿವೈ. ಟಾರ್ಕ್ ಅಂದರೆ ತಿರುಗಿಸುವ ಬಲ, ಯೀಲ್ಡ್ ಅಂದರೆ ಆ ಮಿತಿ. ಮಿತಿಯ ಹತ್ತಿರ ಹೋದ ಮೇಲೆ ಬೋಲ್ಟ್ ಇನ್ನಷ್ಟು ಉದ್ದವಾದರೂ ಹಿಡಿತ ಜಾಸ್ತಿ ಬದಲಾಗುವುದಿಲ್ಲ. ಹಾಗಾಗಿ ಹತ್ತು ಬೋಲ್ಟ್ ಬಿಗಿದರೆ ಹತ್ತರ ಹಿಡಿತವೂ ಹೆಚ್ಚುಕಮ್ಮಿ ಒಂದೇ ಇರುತ್ತದೆ. ಅಲ್ಯೂಮಿನಿಯಂ ಹೆಡ್, ತೆಳುವಾದ ಲೋಹದ ಗ್ಯಾಸ್ಕೆಟ್ ಇರುವ ಎಂಜಿನ್ನಿಗೆ ಈ ಸಮ ಹಿಡಿತ ತುಂಬಾ ಮುಖ್ಯ. ಇದಕ್ಕೆ ಕೊಡಬೇಕಾದ ಬೆಲೆ ಏನೆಂದರೆ, ಪ್ರತಿ ಸಲ ಬಿಗಿದಾಗಲೂ ಬೋಲ್ಟಿನ ಆಯಸ್ಸು ಒಂದಿಷ್ಟು ಮುಗಿದಿರುತ್ತದೆ.

ಬಿಚ್ಚುವಾಗಲೇ ಕೆಲಸ ಶುರು

ಎಂಜಿನ್ ಪೂರ್ತಿ ತಣ್ಣಗಿರಲಿ. ಬಿಸಿ ಹೆಡ್ ಬಿಚ್ಚಿದರೆ ಅದು ಸೊಟ್ಟಗಾಗುವ ಅಪಾಯ ಇದೆ. ಹೆಡ್ ಬೋಲ್ಟ್‌ಗಳನ್ನು ಬಿಗಿ ಮಾಡುವಾಗ ನಡುವಿನಿಂದ ಹೊರಕ್ಕೆ ಹೋಗುತ್ತೇವೆ, ಅಲ್ವಾ? ಬಿಚ್ಚುವಾಗ ಉಲ್ಟಾ, ಹೊರಗಿನಿಂದ ನಡುವಿಗೆ ಬನ್ನಿ. ಮೊದಲ ಸುತ್ತಿನಲ್ಲಿ ಎಲ್ಲವನ್ನೂ ಕಾಲು ಸುತ್ತು ಸಡಿಲಿಸಿ, ಆಮೇಲೆ ಪೂರ್ತಿ ತೆಗೆಯಿರಿ.

ಬಿಚ್ಚುವಾಗ ಕೈಗೆ ಏನು ತಿಳಿಯುತ್ತದೆ ಅನ್ನುವುದನ್ನು ಗಮನಿಸಿ. ಒಳ್ಳೆಯ ಬೋಲ್ಟ್ ಟಕ್ ಅಂತ ಬಿಡುತ್ತದೆ, ಆಮೇಲೆ ಬೆರಳಲ್ಲೇ ತಿರುಗುತ್ತದೆ. ಕೆಲವು ಕಿರುಗುಟ್ಟುತ್ತಾ ಕೊನೇವರೆಗೂ ಸ್ಪ್ಯಾನರ್ ಕೇಳುತ್ತವೆ. ಅಂಥ ಬೋಲ್ಟಿನ ತಲೆಗೆ ಕೂಡಲೇ ಮಾರ್ಕರ್ ಗುರುತು ಹಾಕಿ. ಬೋಲ್ಟೋ, ಅದರ ತೂತೋ, ಎರಡರಲ್ಲಿ ಒಂದು ಕೆಟ್ಟಿದೆ ಅಂತಲೇ ಲೆಕ್ಕ.

ಎಲ್ಲವನ್ನೂ ಒಂದೇ ಡಬ್ಬಿಗೆ ಹಾಕಬೇಡಿ. ಟೈಮಿಂಗ್ ಕವರ್, ವಾಟರ್ ಪಂಪ್, ಸಂಪ್ (ಎಂಜಿನ್ನಿನ ತಳದ ಎಣ್ಣೆ ತೊಟ್ಟಿ) ಇವುಗಳ ಆಕಾರವನ್ನು ರಟ್ಟಿನ ಮೇಲೆ ಪೆನ್ಸಿಲ್‌ನಲ್ಲಿ ಬರೆದುಕೊಳ್ಳಿ. ಬೋಲ್ಟ್ ಇದ್ದ ಜಾಗದಲ್ಲೇ ತೂತು ಮಾಡಿ, ಬಿಚ್ಚಿದ ಬೋಲ್ಟನ್ನು ಅಲ್ಲೇ ಚುಚ್ಚಿಡಿ. ಟೈಮಿಂಗ್ ಕವರಿನಲ್ಲಿ ಒಂದೇ ದಪ್ಪದ, ಬೇರೆ ಬೇರೆ ಉದ್ದದ ಬೋಲ್ಟ್‌ಗಳು ಇರುವುದು ಮಾಮೂಲು. 35 ಮಿಮೀ ಇರಬೇಕಾದ ಕಡೆ 45 ಮಿಮೀ ಹೋದರೆ ತುದಿ ತೂತಿನ ತಳಕ್ಕೆ ಹೋಗಿ ಕೂರುತ್ತದೆ. ಬಿಗಿ ಸಾಕಾಯಿತು ಅಂತ ಟಾರ್ಕ್ ರೆಂಚ್ ಕ್ಲಿಕ್ ಅನ್ನುತ್ತದೆ, ಕವರ್ ಮಾತ್ರ ಸಡಿಲವಾಗೇ ಇರುತ್ತದೆ. ಇನ್ನೂ ಬಲ ಹಾಕಿದರೆ ಅಲ್ಯೂಮಿನಿಯಂ ಬಿರುಕು ಬಿಡುತ್ತದೆ. ರಟ್ಟಿಗೆ ಖರ್ಚಾಗುವ ಹತ್ತು ನಿಮಿಷ ಇದನ್ನೆಲ್ಲ ಉಳಿಸುತ್ತದೆ.

ಹೊಸದೇ ಬೇಕಾದವು

ಟಿಟಿವೈ ಬೋಲ್ಟ್‌ಗಳ ಬಗ್ಗೆ ಎರಡನೇ ಯೋಚನೆ ಬೇಡ. ಸರ್ವಿಸ್ ಮ್ಯಾನ್ಯುಯಲ್‌ನಲ್ಲಿ ಬದಲಾಯಿಸಿ ಅಂತ ಬರೆದಿದ್ದರೆ ಬದಲಾಯಿಸಿ. ಇವುಗಳಲ್ಲಿ ಎಷ್ಟೋ ಬೋಲ್ಟ್‌ಗಳ ನಡುಭಾಗ ಥ್ರೆಡ್ಡಿಗಿಂತ ಸಪೂರ ಇರುತ್ತದೆ. ಆದರೆ ಬರೀ ಕಣ್ಣಲ್ಲಿ ನೋಡಿ ಟಿಟಿವೈ ಹೌದೋ ಅಲ್ಲವೋ ಹೇಳಲು ಆಗುವುದಿಲ್ಲ. ಮ್ಯಾನ್ಯುಯಲ್ ಒಂದೇ ದಾರಿ.

ಇಲ್ಲಿ ಒಂದು ಗೊಂದಲ ಬಿಡಿಸಿಕೊಳ್ಳಿ. ಟಾರ್ಕ್ ಆದ ಮೇಲೆ 90 ಡಿಗ್ರಿ ತಿರುಗಿಸಿ ಅಂತ ಇದ್ದ ಮಾತ್ರಕ್ಕೆ ಅದು ಟಿಟಿವೈ ಅಂತ ಆಗುವುದಿಲ್ಲ. ಕೋನದ ಲೆಕ್ಕದಲ್ಲಿ ಬಿಗಿದರೂ ಮಿತಿಯೊಳಗೇ ಉಳಿಯುವ ಬೋಲ್ಟ್‌ಗಳಿವೆ. ಕೆಲವು ಕಂಪನಿಗಳು ಗರಿಷ್ಠ ಉದ್ದ ಇಷ್ಟು ಅಂತ ಕೊಟ್ಟು, ಅದರೊಳಗಿದ್ದರೆ ಮತ್ತೆ ಹಾಕಿ ಅನ್ನುತ್ತವೆ. ಇನ್ನು ಕೆಲವು ಎಷ್ಟು ಸಲ ಅಂತ ಲೆಕ್ಕ ಇಡಲು ಹೇಳುತ್ತವೆ. ಜೀಪ್‌ನ 4.0 ಲೀಟರ್ ಆರು ಸಿಲಿಂಡರ್ ಎಂಜಿನ್ನಿನ ಹೆಡ್ ಬೋಲ್ಟ್ ಇದಕ್ಕೆ ಒಳ್ಳೇ ಉದಾಹರಣೆ. ಬಿಗಿ ಮಾಡಿದ ಮೇಲೆ ತಲೆಗೆ ಒಂದು ಚುಕ್ಕೆ ಪೇಂಟ್ ಹಚ್ಚಿ, ಬಿಚ್ಚುವಾಗ ಮೊದಲೇ ಪೇಂಟ್ ಇದ್ದರೆ ಆ ಬೋಲ್ಟ್ ಎಸೆಯಿರಿ ಅಂತ ಅದರ ಮ್ಯಾನ್ಯುಯಲ್ ಹೇಳುತ್ತದೆ. ನಾನು ಈ ಪದ್ಧತಿಯನ್ನು ಎಲ್ಲಾ ಎಂಜಿನ್ನಿಗೂ ತಂದುಕೊಂಡಿದ್ದೇನೆ.

ಅಲ್ಯೂಮಿನಿಯಂ ಬೋಲ್ಟ್ ಒಂದು ಸಲಕ್ಕೆ ಮಾತ್ರ. ಬಿಎಂಡಬ್ಲ್ಯುದ ಎನ್52 ಎಂಜಿನ್ನಿನ ಕ್ರ್ಯಾಂಕ್‌ಕೇಸಿನಲ್ಲಿ ಮೆಗ್ನೀಸಿಯಂ ಇದೆ. ಅದಕ್ಕೆ ಉಕ್ಕಿನ ಬೋಲ್ಟ್ ಹಾಕಿದರೆ ಎರಡು ಲೋಹಗಳ ನಡುವೆ ಕೊರೆತ ಶುರುವಾಗುತ್ತದೆ. ಅದಕ್ಕೇ ಅಲ್ಲಿ ಅಲ್ಯೂಮಿನಿಯಂ ಬೋಲ್ಟ್ ಇರುವುದು. ಗಟ್ಟಿ ಇರಲಿ ಅಂತ ಉಕ್ಕಿನದ್ದು ಹಾಕಲು ಹೋಗಬೇಡಿ.

ಎಂಜಿನ್ನಿನ ಮುಖ್ಯ ತಿರುಗುವ ದಂಡವಾದ ಕ್ರ್ಯಾಂಕಿನ ಪುಲ್ಲಿ ಬೋಲ್ಟನ್ನು ಜನ ಸಣ್ಣ ವಿಷಯ ಅಂದುಕೊಳ್ಳುತ್ತಾರೆ. ಫೋರ್ಡ್ ಡ್ಯುರಾಟೆಕ್ 2.0, 2.3 ಎಂಜಿನ್‌ಗಳಲ್ಲಿ, ಅವುಗಳ ಬಂಧುವಾದ ಮಜ್ದಾ ಎಲ್ ಸರಣಿಯಲ್ಲಿ, ಟೈಮಿಂಗ್ ಗೇರನ್ನು ಕ್ರ್ಯಾಂಕಿಗೆ ಕೂರಿಸಲು ಕೀ (ಗೇರ್ ಜಾರದಂತೆ ತಡೆಯುವ ಲೋಹದ ಚೂರು) ಇಲ್ಲ. ಆ ಒಂದು ಬೋಲ್ಟಿನ ಒತ್ತಡದಲ್ಲೇ ಗೇರ್ ಜಾರದೆ ನಿಂತಿರುತ್ತದೆ. ಹಳೇ ಬೋಲ್ಟ್ ಹಿಡಿತ ಬಿಟ್ಟರೆ ಟೈಮಿಂಗ್ ಜಾರಿ ವಾಲ್ವ್ ಹೋಗಿ ಪಿಸ್ಟನ್ನಿಗೆ ಬಡಿಯುತ್ತದೆ.

ಇವುಗಳ ಜೊತೆ ನೈಲಾನ್ ಇರುವ ಲಾಕ್ ನಟ್, ಡ್ರೇನ್ ಪ್ಲಗ್ ಮತ್ತು ಎಣ್ಣೆ ಪೈಪಿನ ತಾಮ್ರದ ವಾಷರ್, ಎಕ್ಸಾಸ್ಟ್ ಮ್ಯಾನಿಫೋಲ್ಡಿನ ಸ್ಟಡ್ (ತಲೆ ಇಲ್ಲದ, ಎರಡೂ ತುದಿಗೆ ಥ್ರೆಡ್ ಇರುವ ಬೋಲ್ಟ್) ಮತ್ತು ನಟ್ ಎಲ್ಲಾ ಹೊಸದಾಗಿ ಬರಲಿ. ಕಾದು ತಣ್ಣಗಾಗಿ ಎಕ್ಸಾಸ್ಟ್ ಸ್ಟಡ್ ಪೂರ್ತಿ ಸೊರಗಿರುತ್ತದೆ. ಫ್ಲೈವೀಲ್ ಬೋಲ್ಟನ್ನು ನಾನಂತೂ ಮ್ಯಾನ್ಯುಯಲ್ ಬಿಟ್ಟರೂ ಬಿಡುವುದಿಲ್ಲ, ಹೊಸದೇ ಹಾಕುತ್ತೇನೆ.

ಕನೆಕ್ಟಿಂಗ್ ರಾಡ್ ಬೋಲ್ಟ್

ಪಿಸ್ಟನ್ನನ್ನು ಕ್ರ್ಯಾಂಕಿಗೆ ಜೋಡಿಸುವ ರಾಡಿನ ಈ ಬೋಲ್ಟಿಗೆ ಬೇರೆಯೇ ಜಾಗ ಕೊಡಬೇಕು. ಇಡೀ ಎಂಜಿನ್ನಿನಲ್ಲಿ ಇಷ್ಟು ಕಷ್ಟ ಪಡುವ ಬೋಲ್ಟ್ ಇನ್ನೊಂದಿಲ್ಲ. 6000 ಆರ್‌ಪಿಎಂನಲ್ಲಿ ಕ್ರ್ಯಾಂಕ್ ಸೆಕೆಂಡಿಗೆ 100 ಸುತ್ತು ಹಾಕುತ್ತದೆ. ಪಿಸ್ಟನ್ ಮೇಲಕ್ಕೆ ಹೋಗಿ ನಿಂತು ತಿರುಗಿ ಕೆಳಗೆ ಬರುವಾಗ ಅದನ್ನು ಹಿಡಿದೆಳೆಯುವ ಭಾರವೆಲ್ಲ ರಾಡಿನ ಕ್ರ್ಯಾಂಕ್ ಕಡೆಯ ತುದಿಯ, ಅಂದರೆ ಬಿಗ್ ಎಂಡ್, ಕ್ಯಾಪಿನ ಎರಡು ಬೋಲ್ಟ್‌ಗಳ ಮೇಲೆ ಬೀಳುತ್ತದೆ. ಹಿಡಿತ ಆ ಎಳೆತಕ್ಕಿಂತ ಜಾಸ್ತಿ ಇರುವವರೆಗೆ ಬೋಲ್ಟಿಗೆ ಏರಿಳಿತ ಅಷ್ಟಾಗಿ ತಟ್ಟುವುದಿಲ್ಲ. ಹಿಡಿತ ಕಮ್ಮಿಯಾದ ದಿನ ಕ್ಯಾಪ್ ಬಾಯಿ ಬಿಡಲು ಶುರುವಾಗುತ್ತದೆ, ಬೋಲ್ಟ್ ದಣಿದು ತುಂಡಾಗುತ್ತದೆ, ರಾಡ್ ಬ್ಲಾಕನ್ನು ತೂತು ಮಾಡಿಕೊಂಡು ಹೊರಗೆ ಬರುತ್ತದೆ.

ರಾಡ್ ಬೋಲ್ಟಿನ ಎರಡೂ ತುದಿ ಕೈಗೆ ಸಿಗುವ ಹಾಗಿದ್ದರೆ, ಬಿಗಿ ಮಾಡುವ ಮೊದಲೇ ಪ್ರತಿಯೊಂದರ ಉದ್ದವನ್ನು ಮೈಕ್ರೋಮೀಟರ್‌ನಲ್ಲಿ ಅಳೆದು ಬರೆದಿಡಿ. ಮುಂದೆ ಎಂದಾದರೂ ಬಿಚ್ಚಿದಾಗ ಮತ್ತೆ ಅಳೆಯಿರಿ. 0.025 ಮಿಮೀ ಉದ್ದವಾಗಿದ್ದರೂ ಆ ಬೋಲ್ಟ್ ಬದಲಾಯಿಸಬೇಕು, ರೇಸಿಂಗ್ ಬೋಲ್ಟ್ ಮಾಡುವ ಎಆರ್‌ಪಿಯ ನಿಯಮವೂ ಇದೇ. ಹಳೇ ಲೆಕ್ಕ ನಿಮ್ಮ ಹತ್ತಿರ ಇಲ್ಲವಾ, ಎಂಜಿನ್ ಎಷ್ಟು ಓಡಿದೆ ಅಂತ ಗೊತ್ತಿಲ್ಲವಾ, ಹೊಸದು ಹಾಕಿ. ನಾನು ಹಳೇ ರಾಡ್ ಬೋಲ್ಟ್ ಹಾಕಿ ಎಂಜಿನ್ ಮುಚ್ಚುವುದನ್ನು ಬಿಟ್ಟು ವರ್ಷಗಳಾದವು.

ಒಂದು ಎಚ್ಚರಿಕೆ. ರಾಡಿಗೆ ಒತ್ತಿ ಕೂರಿಸುವ ಬೋಲ್ಟ್ ಬದಲಾಯಿಸಿದರೆ ಬಿಗ್ ಎಂಡ್ ತೂತಿನ ದುಂಡಗಿನ ಆಕಾರ ಸ್ವಲ್ಪ ಹೆಚ್ಚುಕಮ್ಮಿ ಆಗಬಹುದು. ಹೊಸ ಬೋಲ್ಟ್ ಹಾಕಿ, ಪೂರ್ತಿ ಟಾರ್ಕ್ ಕೊಟ್ಟು, ಬೋರ್ ಗೇಜ್‌ನಲ್ಲಿ ಅಳೆಸಿ. ಬೇಕಿದ್ದರೆ ಮೆಷಿನ್ ಶಾಪಿನಲ್ಲಿ ಹೋನಿಂಗ್ (ತೂತನ್ನು ಉಜ್ಜಿ ಅಳತೆಗೆ ತರುವುದು) ಮಾಡಿಸಿ. ಕ್ರ್ಯಾಂಕನ್ನು ಬ್ಲಾಕಿಗೆ ಹಿಡಿದಿಡುವ ಮೇನ್ ಕ್ಯಾಪಿಗೆ ಬೋಲ್ಟ್ ಬದಲು ಸ್ಟಡ್ ಹಾಕುವವರಿಗೂ ಇದೇ ಮಾತು. ಹಿಡಿತ ಬದಲಾದರೆ ಬೋರಿನ ಆಕಾರವೂ ಬದಲಾಗುತ್ತದೆ.

ಅಳೆದು ನೋಡಿ ತೀರ್ಮಾನಿಸುವವು

ಟಿಟಿವೈ ಅಲ್ಲದ ಹೆಡ್ ಬೋಲ್ಟ್, ಮೇನ್ ಬೋಲ್ಟ್, ಕ್ಯಾಮ್ ಗೇರ್ ಬೋಲ್ಟ್ ಈ ಗುಂಪಿಗೆ ಸೇರಿದವು. ಇವಕ್ಕೆ ನಾಲ್ಕು ಪರೀಕ್ಷೆ ಸಾಕು.

ಮೊದಲನೆಯದು ಉದ್ದ. ತಲೆಯ ಕೆಳಗಿನಿಂದ ತುದಿವರೆಗೆ ಅಳೆದು ಮ್ಯಾನ್ಯುಯಲ್‌ನ ಮಿತಿಗೆ ಹೋಲಿಸಿ. ಮಿತಿ ಕೊಟ್ಟಿಲ್ಲದಿದ್ದರೆ ಒಂದು ಹೊಸ ಬೋಲ್ಟ್ ತಂದು ಪಕ್ಕದಲ್ಲಿ ನಿಲ್ಲಿಸಿ. ಎಲ್ಲವೂ ಸಮ ಇವೆ ಅಂದಮಾತ್ರಕ್ಕೆ ಎಲ್ಲವೂ ಸರಿ ಇವೆ ಅಂತಲ್ಲ, ಹತ್ತೂ ಒಟ್ಟಿಗೆ ಹಿಗ್ಗಿರಬಹುದು.

ಎರಡನೆಯದು ಸೊಂಟ. ಹಿಗ್ಗಿದ ಬೋಲ್ಟ್ ಎಲ್ಲೋ ಒಂದು ಕಡೆ ಸಪೂರ ಆಗಿರುತ್ತದೆ. ಸಾಮಾನ್ಯವಾಗಿ ಥ್ರೆಡ್ ಶುರುವಾಗುವ ಜಾಗದಲ್ಲಿ, ಇಲ್ಲವೇ ತೂತಿನೊಳಗೆ ಹೋಗದೆ ಉಳಿಯುವ ಮೊದಲ ಕೆಲವು ಥ್ರೆಡ್‌ಗಳಲ್ಲಿ. ವರ್ನಿಯರನ್ನು ಥ್ರೆಡ್ಡಿನ ಹೊರ ಅಂಚಿಗೆ ಹಗುರಾಗಿ ಹಿಡಿದು ತುದಿಯಿಂದ ತಲೆ ಕಡೆಗೆ ಜಾರಿಸುತ್ತಾ ಬನ್ನಿ. ಎಲ್ಲಿ ಗಲಗಲ ಅನ್ನುತ್ತದೋ ಅಲ್ಲೇ ಸೊಂಟ.

ಮೂರನೆಯದು ನಟ್ ಪರೀಕ್ಷೆ. ಅದೇ ಅಳತೆಯ ಹೊಸ ನಟ್ ತೆಗೆದುಕೊಂಡು ಬರೀ ಎರಡು ಬೆರಳಲ್ಲಿ ಥ್ರೆಡ್ಡಿನ ಉದ್ದಕ್ಕೂ ತಿರುಗಿಸಿ. ಬೆಣ್ಣೆಯಲ್ಲಿ ಹೋದ ಹಾಗೆ ಹೋಗಬೇಕು. ನಡುವೆ ಹಿಡಿದುಕೊಂಡರೆ ಅಲ್ಲಿ ಥ್ರೆಡ್ಡಿನ ಅಂತರ ಹಿಗ್ಗಿದೆ ಅಂತ ಅರ್ಥ. ಇಷ್ಟು ಸರಳವಾದ, ಇಷ್ಟು ಸತ್ಯ ಹೇಳುವ ಪರೀಕ್ಷೆ ನನಗೆ ಬೇರೆ ಗೊತ್ತಿಲ್ಲ.

ನಾಲ್ಕನೆಯದು ಮೈ ನೋಡುವುದು. ತಲೆಯ ಕೆಳಗಿನ ತಿರುವಿನಲ್ಲಿ ಕೂದಲೆಳೆಯಂಥ ಬಿರುಕು, ತುಕ್ಕು ತಿಂದು ಆದ ಗುಳಿ, ಇಕ್ಕಳದ ಹಲ್ಲಿನ ಗಾಯ ಇದ್ದರೆ ಎಸೆಯಿರಿ. ಗಾಯ ಇದ್ದ ಕಡೆಯೇ ಬಿರುಕು ಹುಟ್ಟುವುದು. ಮೇಲೆ ಮೇಲೆ ಬಂದಿರುವ ತುಕ್ಕಿನ ಬಣ್ಣಕ್ಕೆ ಹೆದರಬೇಕಿಲ್ಲ, ಗುಳಿಗೆ ಹೆದರಬೇಕು. ಒಂದು ಬೋಲ್ಟ್ ಫೇಲಾದರೆ ಆ ಸೆಟ್ ಪೂರ್ತಿ ಬದಲಾಯಿಸಿ. ಒಂಬತ್ತು ಹಳೇದು, ಒಂದು ಹೊಸದು ಅಂದರೆ ಹಿಡಿತ ಸಮ ಬರುವುದಿಲ್ಲ.

ಸಂಪ್, ವಾಲ್ವ್ ಕವರ್, ಬ್ರಾಕೆಟ್, ಇನ್‌ಟೇಕ್ ಇವುಗಳ ಬೋಲ್ಟ್ ಥ್ರೆಡ್ ಚೆನ್ನಾಗಿದ್ದರೆ ತೊಳೆದು ಹಾಕಿ.

ತೊಳೆಯುವುದು, ತೂತು ತಯಾರು ಮಾಡುವುದು

ಬೋಲ್ಟ್‌ಗೆ ಸೀಮೆಎಣ್ಣೆ ಅಥವಾ ಡಿಗ್ರೀಸರ್, ನೈಲಾನ್ ಬ್ರಷ್ ಸಾಕು. ಆಸಿಡ್ ಅಥವಾ ವಿನೆಗರ್‌ನಲ್ಲಿ ನೆನೆಸಿ ತುಕ್ಕು ತೆಗೆಯುವ ಅಭ್ಯಾಸ ಇದ್ದರೆ ಎಂಜಿನ್ ಬೋಲ್ಟಿಗೆ ಅದು ಬೇಡವೇ ಬೇಡ. 10.9, 12.9ರಂಥ ಗಟ್ಟಿ ಉಕ್ಕಿನೊಳಗೆ ಆಸಿಡ್‌ನಿಂದ ಹುಟ್ಟಿದ ಹೈಡ್ರೋಜನ್ ಸೇರಿಕೊಂಡರೆ ಲೋಹ ಪೆಡಸಾಗುತ್ತದೆ. ಬಿಗಿ ಮಾಡಿ ಎಷ್ಟೋ ಗಂಟೆ, ಎಷ್ಟೋ ದಿನ ಆದ ಮೇಲೆ ಅದರಷ್ಟಕ್ಕೆ ಅದು ಪಟ್ ಅಂತ ತುಂಡಾಗಬಹುದು.

ತೂತಿನ ಕಡೆ ಇನ್ನೂ ಜಾಸ್ತಿ ಗಮನ ಬೇಕು. ಬ್ಲಾಕಿನ ಎಷ್ಟೋ ತೂತುಗಳಿಗೆ ತಳ ಮುಚ್ಚಿರುತ್ತದೆ. ಅದರಲ್ಲಿ ಎಣ್ಣೆಯೋ ಕೂಲಂಟ್ ನೀರೋ ನಿಂತಿದ್ದು ನೀವು ಬೋಲ್ಟ್ ಬಿಗಿದರೆ ಆ ದ್ರವಕ್ಕೆ ಹೋಗಲು ದಾರಿ ಇಲ್ಲ. ಅದು ಜ್ಯಾಕ್ ಥರ ಕೆಲಸ ಮಾಡಿ ಬ್ಲಾಕನ್ನೇ ಸೀಳುತ್ತದೆ. ಕಲಿಯುವ ಕಾಲದಲ್ಲಿ ಒಮ್ಮೆ ಈ ಶಬ್ದ ನಾನೇ ಕೇಳಿದ್ದೇನೆ. ಒಣ ಕಟ್ಟಿಗೆ ಮುರಿದ ಹಾಗೆ ಇತ್ತು. ಹೆಡ್ ಎತ್ತಿ ನೋಡಿದರೆ ಬೋಲ್ಟ್ ತೂತಿನಿಂದ ಪಕ್ಕಕ್ಕೆ ಒಂದು ಸಪೂರ ಗೆರೆ. ಆ ತೂತಿನಲ್ಲಿ ಇದ್ದದ್ದು ಒಂದು ಚಮಚ ಎಣ್ಣೆಯೂ ಅಲ್ಲ. ಅಂದಿನಿಂದ ಪ್ರತಿ ತೂತಿಗೂ ಟಾರ್ಚ್ ಬಿಟ್ಟು ನೋಡದೆ ಬೋಲ್ಟ್ ಇಳಿಸುವುದಿಲ್ಲ.

ಮೊದಲು ಥ್ರೆಡ್ ಚೇಸರ್ ಓಡಿಸಿ. ಕತ್ತರಿಸುವ ಟ್ಯಾಪ್ ಬೇಡ, ಅದು ಒಳ್ಳೆಯ ಲೋಹವನ್ನೂ ಕೆರೆದು ತೆಗೆಯುತ್ತದೆ. ಚೇಸರ್ ಕೊಳೆ ಮಾತ್ರ ತೆಗೆಯುತ್ತದೆ. ಆಮೇಲೆ ಬ್ರೇಕ್ ಕ್ಲೀನರ್ ಹಾಕಿ, ಕನ್ನಡಕ ಹಾಕಿಕೊಂಡು ಗಾಳಿ ಹೊಡೆಯಿರಿ. ಅಲ್ಯೂಮಿನಿಯಂ ತೂತಿನ ಥ್ರೆಡ್ ಸ್ಲಿಪ್ ಆಗಿದ್ದರೆ ಹೆಲಿಕಾಯಿಲ್‌ನಂಥ ಉಕ್ಕಿನ ಒಳಥ್ರೆಡ್ ಹಾಕಿಸಿ. ಸರಿಯಾಗಿ ಕೂರಿಸಿದರೆ ಅದು ಮೊದಲಿಗಿಂತ ಗಟ್ಟಿಯಾಗಿರುತ್ತದೆ.

ಕೆಲವು ತೂತುಗಳು ನೇರ ನೀರಿನ ಜಾಗಕ್ಕೆ ತೆರೆದಿರುತ್ತವೆ. ಷೆವ್ರೊಲೆಯ ಹಳೇ ಸ್ಮಾಲ್ ಬ್ಲಾಕ್ ವಿ8ನ ಹೆಡ್ ಬೋಲ್ಟ್‌ಗಳು ಹಾಗೆ, ಅವಕ್ಕೆ ನೀರು ಸೋರದಂತೆ ಸೀಲಂಟ್ ಬೇಕು. ಮೇಲೆ ಹೇಳಿದ ಜೀಪ್ ಎಂಜಿನ್ನಿನಲ್ಲಿ 11ನೇ ಬೋಲ್ಟಿಗೆ ಮಾತ್ರ ಸೀಲಂಟ್ ಹಚ್ಚಬೇಕು. ಕ್ರ್ಯಾಂಕಿನ ಫ್ಲೈವೀಲ್ ತೂತು ಎಣ್ಣೆಯ ಕಡೆಗೆ ತೆರೆದಿರುವುದೂ ಉಂಟು. ಅಲ್ಲೂ ಸೀಲಂಟ್ ಬೇಕು.

ಹೊಸದು ಕೊಳ್ಳುವಾಗ

ತಲೆಯ ಮೇಲಿನ ಅಂಕಿ ಓದಲು ಕಲಿಯಿರಿ. 8.8 ಅಂದರೆ ತುಂಡಾಗುವ ಬಲ ಚದರ ಮಿಲಿಮೀಟರಿಗೆ 800 ನ್ಯೂಟನ್, ಅದರ ಶೇ 80ಕ್ಕೆ, ಅಂದರೆ 640ಕ್ಕೆ, ಹಿಗ್ಗಲು ಶುರು. 10.9 ಅಂದರೆ 1000 ಮತ್ತು 900. 12.9 ಅಂದರೆ 1200 ಮತ್ತು 1080. ಅಂಕಿಯ ಜೊತೆ ತಯಾರಕರ ಗುರುತೂ ಇರಬೇಕು. ಎರಡೂ ಇಲ್ಲದ ಹೊಳೆಯುವ ಹೊಸ ಬೋಲ್ಟಿಗಿಂತ ಪರೀಕ್ಷೆ ಪಾಸಾದ ಹಳೇ ಬೋಲ್ಟ್ ಎಷ್ಟೋ ಮೇಲು.

ಸ್ಟೇನ್‌ಲೆಸ್ ಬೋಲ್ಟ್ ನೋಡಲು ಚೆಂದ. ಆದರೆ ಅಂಗಡಿಯಲ್ಲಿ ಸಿಗುವ ಎ2-70 ದರ್ಜೆಯ ಬಲ 700 ಮಾತ್ರ, 8.8ಕ್ಕಿಂತ ಕಮ್ಮಿ. ಥ್ರೆಡ್ ಕಚ್ಚಿಕೊಳ್ಳುವ ಗುಣವೂ ಇದೆ. ವಾಲ್ವ್ ಕವರಿಗೆ ಹಾಕಿ, ಒಳಗಿನ ಯಾವುದಕ್ಕೂ ಬೇಡ. 10.9 ಇದ್ದ ಕಡೆ 12.9 ಹಾಕಿದರೆ ಒಳ್ಳೇದಲ್ವಾ ಅಂತ ಕೇಳುವವರಿದ್ದಾರೆ. ಬೇಡ. ಟಿಟಿವೈ ಬೋಲ್ಟ್ ಅದೇ ಎಂಜಿನ್ನಿಗಾಗಿ ಲೆಕ್ಕ ಹಾಕಿ ಮಾಡಿದ್ದು, ಕೋನವೂ ಅದಕ್ಕೇ ಹೊಂದಿದ್ದು.

ಬಿಗಿ ಮಾಡುವ ಕ್ರಮ

ನಾವು ಹಾಕುವ ಬಲದಲ್ಲಿ ಸುಮಾರು ಶೇ 90ರಷ್ಟು ತಿಕ್ಕಾಟಕ್ಕೇ ಹೋಗುತ್ತದೆ, ಅರ್ಧದಷ್ಟು ತಲೆಯ ಕೆಳಗೆ, ಉಳಿದದ್ದು ಥ್ರೆಡ್ಡಿನಲ್ಲಿ. ಬೋಲ್ಟನ್ನು ಎಳೆಯಲು ಸಿಗುವುದು ಶೇ 10 ಮಾತ್ರ. ಹಾಗಾಗಿ ಎಣ್ಣೆ ಹಾಕಿದ್ದೀರಾ ಇಲ್ಲವಾ ಅನ್ನುವುದು ಸಣ್ಣ ಮಾತಲ್ಲ. ಒಣ ಥ್ರೆಡ್ಡಿಗೆ ಕೊಟ್ಟ ಟಾರ್ಕನ್ನು ಎಣ್ಣೆ ಹಚ್ಚಿ ಕೊಟ್ಟರೆ ಬೋಲ್ಟ್ ಜಾಸ್ತಿ ಎಳೆಯುತ್ತದೆ. ಮ್ಯಾನ್ಯುಯಲ್ ಎಂಜಿನ್ ಆಯಿಲ್ ಅಂದರೆ ಎಂಜಿನ್ ಆಯಿಲ್, ಒಣ ಅಂದರೆ ಒಣ. ಎಣ್ಣೆ ಅಂದಿದ್ದರೆ ಥ್ರೆಡ್ಡಿಗೂ, ತಲೆಯ ಕೆಳಗೂ ತೆಳ್ಳಗೆ ಹಚ್ಚಿ, ಹನಿ ಇಳಿಯದಂತೆ ಒರೆಸಿ. ವಾಷರ್ ಇದ್ದರೆ ಒಳ ಅಂಚು ಕೆತ್ತಿರುವ ಮುಖ ಬೋಲ್ಟಿನ ತಲೆ ಕಡೆ ಇರಲಿ.

ಟಾರ್ಕ್ ರೆಂಚನ್ನು ವರ್ಷಕ್ಕೊಮ್ಮೆ, ಇಲ್ಲವೇ 5000 ಸಲ ಬಳಸಿದ ಮೇಲೆ ಪರೀಕ್ಷೆ ಮಾಡಿಸಿ. ಅದರ ಗರಿಷ್ಠ ಅಳತೆಯ ಐದನೇ ಒಂದು ಭಾಗಕ್ಕಿಂತ ಕೆಳಗೆ ಅದನ್ನು ನಂಬಬೇಡಿ. 200 ನ್ಯೂಟನ್ ಮೀಟರಿನ ರೆಂಚಲ್ಲಿ 10 ನ್ಯೂಟನ್ ಮೀಟರ್ ಹಿಡಿಯಲು ಹೋಗಿ ಕ್ಯಾಮ್ ಕ್ಯಾಪಿನ ಥ್ರೆಡ್ ಹಾಳು ಮಾಡಿಕೊಂಡವರು ಬಹಳ. ಯೂನಿಟ್ ಯಾವುದು ಅಂತಲೂ ಎರಡು ಸಲ ಓದಿ. 65 ಫುಟ್ ಪೌಂಡ್ ಅಂದರೆ 88 ನ್ಯೂಟನ್ ಮೀಟರ್.

ಎಲ್ಲಾ ಬೋಲ್ಟ್‌ಗಳನ್ನು ಮೊದಲು ಕೈಯಲ್ಲೇ ಕೂರಿಸಿ. ಆಮೇಲೆ ಹಂತ ಹಂತವಾಗಿ, ಮ್ಯಾನ್ಯುಯಲ್‌ನ ಕ್ರಮದಲ್ಲಿ. ರೆಂಚನ್ನು ಜಗ್ಗಬೇಡಿ, ನಿಧಾನವಾಗಿ ಒಂದೇ ಸಮ ಎಳೆಯಿರಿ. ನಡುವೆ ನಿಂತು ಮತ್ತೆ ಶುರು ಮಾಡಿದರೆ ನಿಂತ ಬೋಲ್ಟನ್ನು ಕದಲಿಸಲು ಜಾಸ್ತಿ ಬಲ ಬೇಕಾಗಿ ಕ್ಲಿಕ್ ಬೇಗ ಬರುತ್ತದೆ.

ಕೋನದ ಹಂತಕ್ಕೆ ಪ್ರತಿ ಬೋಲ್ಟಿನ ತಲೆಗೂ ಒಂದೇ ದಿಕ್ಕಿನಲ್ಲಿ ಬಿಳಿ ಪೇಂಟಿನ ಗೆರೆ ಎಳೆಯಿರಿ. 90 ಡಿಗ್ರಿ ತಿರುಗಿಸಿದ ಮೇಲೆ ಎಲ್ಲಾ ಗೆರೆಗಳೂ ಪಕ್ಕಕ್ಕೆ ನೋಡುತ್ತಿರಬೇಕು. ಮರೆತದ್ದು ಒಂದೇ ನೋಟಕ್ಕೆ ಗೊತ್ತಾಗುತ್ತದೆ. 1.5 ಮಿಮೀ ಪಿಚ್ (ಎರಡು ಥ್ರೆಡ್ ನಡುವಿನ ಅಂತರ) ಇರುವ ಬೋಲ್ಟ್ 90 ಡಿಗ್ರಿಗೆ 0.375 ಮಿಮೀ ಒಳಗೆ ಹೋಗುತ್ತದೆ. ಹಾಗಾಗಿ ಅಂದಾಜಿನ ಮೇಲೆ 10-20 ಡಿಗ್ರಿ ಬಿಟ್ಟುಬಿಡಬೇಡಿ, ಆ್ಯಂಗಲ್ ಗೇಜ್ ಬಳಸಿ. ತಿರುಗಿಸುವಾಗ ಬಲ ಏರುತ್ತಾ ಹೋಗಿ, ಟಿಟಿವೈ ಆದರೆ ಕೊನೆಗೆ ಒಂದೇ ಸಮ ಆದ ಹಾಗೆ ಅನ್ನಿಸುತ್ತದೆ. ಅದು ಸರಿ. ಬಲ ಇಳಿಯುತ್ತಾ ಬಂದರೆ ಅಲ್ಲೇ ನಿಲ್ಲಿಸಿ, ಬೋಲ್ಟ್ ತೆಗೆಯಿರಿ. ಒಂದೋ ಬೋಲ್ಟ್ ಹರಿಯುತ್ತಿದೆ, ಇಲ್ಲವೇ ತೂತಿನ ಥ್ರೆಡ್ ಕಿತ್ತು ಬರುತ್ತಿದೆ.

ಥ್ರೆಡ್ ಲಾಕರ್ ಹೇಳಿದ ಕಡೆ ಮಾತ್ರ. ಲಾಕ್‌ಟೈಟ್ 243 ನೀಲಿ, ಆಮೇಲೆ ಸಾಮಾನ್ಯ ಸ್ಪ್ಯಾನರ್‌ನಲ್ಲಿ ಬಿಚ್ಚಬಹುದು. 271 ಕೆಂಪು, ಬಿಚ್ಚಲು ಬಿಸಿ ಮಾಡಬೇಕು. ರಾಡ್, ಮೇನ್, ಹೆಡ್ ಬೋಲ್ಟಿಗೆ ಹೆಚ್ಚಿನ ಭದ್ರತೆ ಅಂತ ನಿಮ್ಮಷ್ಟಕ್ಕೆ ಹಚ್ಚಬೇಡಿ. ಅಲ್ಲಿ ಭದ್ರತೆ ಎಳೆತದಿಂದಲೇ ಬರಬೇಕು.

ಎಂಜಿನ್ ಶುರು ಮಾಡಿ, ಬಿಸಿಯಾಗಿ, ತಣ್ಣಗಾದ ಮೇಲೆ ಹೆಡ್ಡನ್ನು ಮತ್ತೆ ಟಾರ್ಕ್ ಮಾಡಬೇಕಾ? ಹಳೇ ಕಾಲದ ಕೆಲವು ಗ್ಯಾಸ್ಕೆಟ್‌ಗಳಿಗೆ ಬೇಕು, ಮ್ಯಾನ್ಯುಯಲ್ ಹೇಳಿರುತ್ತದೆ. ಟಿಟಿವೈ ಬೋಲ್ಟಿಗೆ ಯಾವತ್ತೂ ಬೇಡ, ಅದನ್ನು ಇನ್ನೊಮ್ಮೆ ಮುಟ್ಟಿದರೆ ಮಿತಿಯಿಂದ ಇನ್ನೂ ಮುಂದೆ ತಳ್ಳಿದ ಹಾಗೆ. ವಾಲ್ವ್ ಕವರ್ ಮುಚ್ಚುವ ಮೊದಲು ಮತ್ತೆ ಹಾಕಿದ ಪ್ರತಿ ಹಳೇ ಬೋಲ್ಟಿನ ತಲೆಗೂ ಒಂದೊಂದು ಚುಕ್ಕೆ ಪೇಂಟ್ ಹಚ್ಚಿ. ಉದ್ದದ ಲೆಕ್ಕ ಬರೆದ ಚೀಟಿಯನ್ನು ಗಾಡಿಯ ಕಾಗದಗಳ ಜೊತೆ ಇಡಿ. ಮುಂದಿನ ಸಲ ಈ ಎಂಜಿನ್ ಬಿಚ್ಚುವವರಿಗೆ ಮೊದಲು ಬೇಕಾಗುವುದು ಅದೇ.